ಎಳ್ಳುಬೆಲ್ಲದ ಪಕ್ಕದ ಮೇಜು

ನಿನ್ನೆ ಇಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಮ್ಮ ಕನ್ನಡಿಗರ ಸಂಕ್ರಾಂತಿ ಕಾರ್ಯಕ್ರಮ ಮುಗಿಸಿ ಮನೆಗೆ ಬಂದಾಗ ರಾತ್ರಿ ಹತ್ತೂವರೆ. ಸೀರೆ ಬದಲಿಸುವ ಮೊದಲೇ ಇದನ್ನು ಬರೆಯಲು ಕುಳಿತಿದ್ದೆ. ಸಿಟ್ಟಿನಲ್ಲಿ ಬರೆಯುವುದು ಬೇಡವೆಂದು ಮಲಗಿದೆ. ಬೆಳಗಾದರೂ ಸಿಟ್ಟು ಇಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮತದಾರರ ನೋಂದಣಿಯ ನಲವತ್ತು ಅರ್ಜಿಗಳನ್ನು ತೆಗೆದುಕೊಂಡು ಹೋಗಿದ್ದೆ. ಮೂವತ್ತೇಳು ಹಾಗೆಯೇ ವಾಪಸ್ ಬಂದಿವೆ.

ಕೌಂಟಿಯವರು, ಎಂದರೆ ಇಲ್ಲಿನ ಜಿಲ್ಲಾಡಳಿತದವರು, ಕೊಡುವ ತರಬೇತಿ ಮುಗಿಸಿ ನಾನು ಸ್ವಯಂಸೇವಕ ನೋಂದಣಿದಾರಳಾಗಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಬಾಗಿಲ ಬಳಿ ಎಳ್ಳುಬೆಲ್ಲ ಹಂಚುವ ಮೇಜಿನ ಪಕ್ಕದಲ್ಲಿಯೇ ನನ್ನ ಪುಟ್ಟ ಮೇಜನ್ನು ಹಾಕಿಕೊಂಡಿದ್ದೆ. ಸುಮಾರು ಮುನ್ನೂರು ಜನ ಆ ದಾರಿಯಲ್ಲಿ ಬಂದರು. ಎಲ್ಲರೂ ಎಳ್ಳುಬೆಲ್ಲ ತೆಗೆದುಕೊಂಡು, ಕಬ್ಬಿನ ತುಂಡು ಹಿಡಿದು, ನನ್ನನ್ನು ನೋಡಿ ಪ್ರೀತಿಯಿಂದಲೇ ನಕ್ಕು, ಒಳಗೆ ಹೋದರು. ಇವರಲ್ಲಿ ಅರ್ಧದಷ್ಟು ಮಂದಿಯಾದರೂ ಈ ದೇಶದ ಪೌರರು. ಬಾವುಟ ಹಿಡಿದು ಪ್ರಮಾಣವಚನ ತೆಗೆದುಕೊಂಡ ಫೋಟೊಗಳನ್ನು ಇದೇ ಫೇಸ್‌ಬುಕ್ಕಿನಲ್ಲಿ ನೋಡಿ ನಾನೇ ಅಭಿನಂದನೆ ಹೇಳಿದ್ದೇನೆ.

ಹದಿನೈದು ವರ್ಷಗಳಿಂದ ಪರಿಚಯವಿರುವ ಒಬ್ಬರನ್ನು ನಿಲ್ಲಿಸಿ, "ನಿಮ್ಮ ಮನೆ ಈಗ ಯಾವ ಕಾಂಗ್ರೆಸ್ ಕ್ಷೇತ್ರಕ್ಕೆ ಸೇರುತ್ತದೆ, ನೋಡಿದ್ದೀರಾ?" ಎಂದು ಕೇಳಿದೆ. ಇಲ್ಲಿ ಕಾಂಗ್ರೆಸ್ ಎಂದರೆ ಅಮೆರಿಕದ ಸಂಸತ್ತು. ಆದರೆ ಆ ಪದ ಕಿವಿಗೆ ಬಿದ್ದದ್ದೇ ತಡ, ಅವರು ಬೆಂಗಳೂರಿನ ಮುಖ್ಯಮಂತ್ರಿ ಕುರ್ಚಿಯ ವಿಚಾರ ತೆಗೆದರು. ಯಾವ ಶಾಸಕ ಯಾರ ಕಡೆ, ದೆಹಲಿಯಲ್ಲಿ ಯಾರು ಯಾರನ್ನು ಭೇಟಿಯಾದರು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಊಟದ ಸಾಲಿನಲ್ಲಿಯೂ ಅದೇ ಮಾತು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಊರಿನ ಸುದ್ದಿ ನನಗೂ ಬೇಕು. ಆದರೆ ತಾನು ಮನೆ ಕಟ್ಟಿಸಿದ, ಮಕ್ಕಳನ್ನು ಶಾಲೆಗೆ ಕಳಿಸುವ, ತೆರಿಗೆ ಕಟ್ಟುವ ನೆಲ ಯಾವ ಕ್ಷೇತ್ರಕ್ಕೆ ಸೇರಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬ ಸಂಕೋಚವೂ ಇರಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅಲ್ಲಿ.

ನಾನು ಕಡೂರಿನವಳು. ನಮ್ಮದು ಚಿಕ್ಕಮಗಳೂರು ಜಿಲ್ಲೆ, ಆದರೆ ಲೋಕಸಭೆಗೆ ನಾವು ಹಾಸನ ಕ್ಷೇತ್ರ. ಬೀರೂರಿನ ಸಂತೆಯಲ್ಲಿ ತೆಂಗಿನಕಾಯಿ ಮಾರುವವರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಜಿಲ್ಲಾಧಿಕಾರಿಯ ಕಚೇರಿ ಒಂದು ಕಡೆ, ಸಂಸದರು ಇನ್ನೊಂದು ಕಡೆ ಇರುವುದರಿಂದ ನಮ್ಮ ಕೆಲಸ ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ಅಪ್ಪ ಈಗಲೂ ಬೈಯುತ್ತಾರೆ. ಬೈದು ಸುಮ್ಮನೆ ಕೂರುವವರಲ್ಲ. 2024ರ ಏಪ್ರಿಲ್ 26ರಂದು ಬೆಳಿಗ್ಗೆ ಏಳೂವರೆಗೆ, ಶಾಯಿ ಹಚ್ಚಿದ ಬೆರಳಿನ ಫೋಟೊ ಅವರಿಂದ ವಾಟ್ಸಾಪಿನಲ್ಲಿ ಬಂತು. ಮಂಡಿನೋವಿನ ಮನುಷ್ಯ ಶಾಲೆಯವರೆಗೆ ನಡೆದು ಹೋಗಿದ್ದರು. ಅಂಥವರ ಮಕ್ಕಳು ನಾವು.

ಈ ವರ್ಷ, 2026ರಲ್ಲಿ, ಟೆಕ್ಸಾಸಿನಲ್ಲಿ ಇದು ಎಂದಿನ ಉದಾಸೀನಕ್ಕಿಂತ ಹೆಚ್ಚಿನ ತಪ್ಪು. ಏಕೆಂದರೆ ನಾವು ಮನೆ ಬಿಟ್ಟು ಕದಲದೆಯೇ ನಮ್ಮ ಕ್ಷೇತ್ರಗಳು ಕದಲಿಹೋಗಿವೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಗಡಿ ಬರೆಯುವುದು ವಾಡಿಕೆ. ಇಲ್ಲಿ 2021ರಲ್ಲಿ ಒಮ್ಮೆ ಬರೆದಾಗಿತ್ತು. ಕಳೆದ ವರ್ಷ ರಾಜ್ಯಪಾಲ ಗ್ರೆಗ್ ಅಬ್ಬಾಟ್ ವಿಶೇಷ ಅಧಿವೇಶನ ಕರೆದು ಮತ್ತೆ ಬರೆಸಿದರು. ಸಂಸತ್ತಿನಲ್ಲಿ ರಾಜ್ಯಕ್ಕಿರುವ 38 ಸ್ಥಾನಗಳಲ್ಲಿ ರಿಪಬ್ಲಿಕನ್ ಪಕ್ಷಕ್ಕೆ 25 ಇದ್ದವು, ಇನ್ನೂ ಐದನ್ನು ಸೇರಿಸಿಕೊಳ್ಳಬೇಕೆಂಬುದು ಉದ್ದೇಶ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಕೋರಂ, ಎಂದರೆ ಸದನ ನಡೆಸಲು ಬೇಕಾದ ಕನಿಷ್ಠ ಹಾಜರಿ, ತಪ್ಪಿಸಲು ಐವತ್ತಕ್ಕೂ ಹೆಚ್ಚು ಡೆಮಾಕ್ರಟಿಕ್ ಶಾಸಕರು ಆಗಸ್ಟ್ ಮೊದಲ ವಾರದಲ್ಲಿ ರಾಜ್ಯ ಬಿಟ್ಟು ಹೋದರು, ದಿನಕ್ಕೆ 500 ಡಾಲರ್ ದಂಡದ ಬೆದರಿಕೆ ಎದುರಿಸಿದರು, ಎರಡು ವಾರಗಳ ಬಳಿಕ ಹಿಂದಿರುಗಿದರು. ಆಗಸ್ಟ್ 29ರಂದು ಮಸೂದೆಗೆ ಸಹಿ ಬಿತ್ತು. ನವೆಂಬರ್ 18ರಂದು ಎಲ್ ಪಾಸೊದಲ್ಲಿ ಕುಳಿತಿದ್ದ ತ್ರಿಸದಸ್ಯ ಫೆಡರಲ್ ಪೀಠ, ಜನಾಂಗವನ್ನು ನೋಡಿ ಗಡಿ ಎಳೆದಿರುವಂತಿದೆ ಎಂದು ಆ ನಕ್ಷೆಯನ್ನು ತಡೆಯಿತು. ಡಿಸೆಂಬರ್ 4ರಂದು ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆಯಿತು. ನಾಮಪತ್ರಕ್ಕೆ ಕೊನೆಯ ದಿನ ಡಿಸೆಂಬರ್ 8. ತಾನು ಯಾವ ಊರಿನ ಜನರ ಬಳಿ ಮತ ಕೇಳಬೇಕು ಎಂಬುದು ಅಭ್ಯರ್ಥಿಗೆ ಖಚಿತವಾದದ್ದು ನಾಲ್ಕು ದಿನ ಮೊದಲು!

ನನ್ನದು ಡಲ್ಲಾಸ್ ಉತ್ತರದ 32ನೇ ಕ್ಷೇತ್ರ. ಸಂಖ್ಯೆ ಹಾಗೆಯೇ ಇದೆ, ಮೈಯೆಲ್ಲಾ ಬೇರೆ. ಮೊದಲು ಅದು ಡಲ್ಲಾಸ್ ಸುತ್ತಲಿನ ಬಡಾವಣೆಗಳ ಕ್ಷೇತ್ರವಾಗಿತ್ತು. ಈಗ ರಾಕ್‌ವಾಲ್ ದಾಟಿ ಪೂರ್ವ ಟೆಕ್ಸಾಸಿನ ಹಳ್ಳಿಗಾಡಿನವರೆಗೆ ಚಾಚಿದೆ. ಹೊಸ ನಕ್ಷೆ ನೋಡಿದ ಭಾನುವಾರ ಗಂಡನನ್ನು ಎಬ್ಬಿಸಿ ಕಾರು ಹತ್ತಿಸಿದೆ. ಎರಡು ಗಂಟೆ ಪೂರ್ವಕ್ಕೆ ಹೋದೆವು. ಅಪಾರ್ಟ್‌ಮೆಂಟುಗಳು ಮುಗಿದು, ಹುಲ್ಲಿನ ಉಂಡೆಗಳು ಬಿದ್ದ ಹೊಲಗಳು ಬಂದು, ಕೊನೆಗೆ ಪೈನ್ ಮರಗಳ ಕಾಡು ಬಂತು. ಒಂದು ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿದೆವು. ಅಲ್ಲಿನ ಮುದುಕಿ ತಮ್ಮ ಊರಿನ ಕೆರೆಯ ಬಗ್ಗೆ, ದೂರದ ಆಸ್ಪತ್ರೆಯ ಬಗ್ಗೆ ಹೇಳಿದರು. ಒಳ್ಳೆಯ ಹೆಂಗಸು. ಅವರ ಚಿಂತೆಗೂ ನನ್ನ ಚಿಂತೆಗೂ ಒಬ್ಬನೇ ಸಂಸದ ಸಾಕೆಂದು ಯಾರೋ ಕಂಪ್ಯೂಟರಿನ ಮುಂದೆ ಕುಳಿತು ತೀರ್ಮಾನಿಸಿದ್ದಾರೆ. ಆಸ್ಟಿನ್ ನಗರದ ಕತೆ ಇನ್ನೂ ಹೆಚ್ಚು ನೋವಿನದು. ಅದನ್ನು ಹಲವು ತುಂಡು ಮಾಡಿದ್ದಾರೆ, 35ನೇ ಕ್ಷೇತ್ರವನ್ನು ಕಿತ್ತು ಸ್ಯಾನ್ ಆಂಟೋನಿಯೊ ಕಡೆಗೆ ಒಯ್ದಿದ್ದಾರೆ, 1995ರಿಂದ ಸಂಸತ್ತಿನಲ್ಲಿರುವ ಲಾಯ್ಡ್ ಡಾಗೆಟ್ ಈ ಸಲ ಸ್ಪರ್ಧಿಸುತ್ತಿಲ್ಲ.

ನಾನು ಒಂದು ಪಕ್ಷದ ಪರವಾಗಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದವರು 2010ರಲ್ಲಿ ಸಂಸತ್ ಕ್ಷೇತ್ರಗಳ ಗಡಿ ಬರೆಯುವ ಕೆಲಸವನ್ನು ಸ್ವತಂತ್ರ ಆಯೋಗದ ಕೈಗೆ ಕೊಟ್ಟಿದ್ದರು. ಟೆಕ್ಸಾಸಿಗೆ ಉತ್ತರವೆಂದು ಕಳೆದ ನವೆಂಬರ್ 4ರಂದು ಅವರೇ ಮತ ಹಾಕಿ ಆಯೋಗದ ನಕ್ಷೆಯನ್ನು ಬದಿಗಿಟ್ಟರು, ಡೆಮಾಕ್ರಟರಿಗೆ ಐದು ಸ್ಥಾನ ಹೆಚ್ಚುವಂತೆ ಹೊಸದನ್ನು ತಂದರು. ಅದೂ ನನಗೆ ಹಿಡಿಸಲಿಲ್ಲ. ಭಾರತದಲ್ಲಿ ಎಷ್ಟೇ ಜಗಳವಿರಲಿ, ಗಡಿ ಬರೆಯುವುದು ಕ್ಷೇತ್ರ ಪುನರ್ವಿಂಗಡಣಾ ಆಯೋಗ. ನಮ್ಮ ಈಗಿನ ಕ್ಷೇತ್ರಗಳು 2008ರಲ್ಲಿ ಹಾಗೆಯೇ ಬಂದವು. ಇಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಗೆದ್ದವರೇ ಗಡಿ ಬರೆಯುತ್ತಾರೆ. ಪಕ್ಷದ ಲಾಭಕ್ಕೆ ಹಾಗೆ ಬರೆದರೆ ಫೆಡರಲ್ ನ್ಯಾಯಾಲಯ ಕೈಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿಯೇ ಹೇಳಿಬಿಟ್ಟಿದೆ.

ನಿನ್ನೆ ಮೇಜಿನ ಬಳಿ ನಿಂತು ವಾದಿಸಿದ ಒಬ್ಬ ಗೆಳೆಯನ ಮಾತು ಇದನ್ನೇ ಹಿಡಿದುಕೊಂಡಿತ್ತು. "ಅಕ್ಕಾ, ಫಲಿತಾಂಶ ಮೊದಲೇ ಬರೆದಿಟ್ಟಿದ್ದಾರೆ ಎಂದು ನೀವೇ ಹೇಳುತ್ತೀರಿ. ಮತ್ತೆ ನಮ್ಮ ಒಂದು ಮತದಿಂದ ಏನಾಗುತ್ತದೆ?" ಬುದ್ಧಿವಂತ ಹುಡುಗ, ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ನವೆಂಬರ್ 3ರ ಸಾರ್ವತ್ರಿಕ ಚುನಾವಣೆಯ ಫಲಿತಾಂಶ ನಕ್ಷೆಯಲ್ಲಿಯೇ ಅರ್ಧ ಬರೆದಿದ್ದರೆ, ನಿಜವಾದ ಆಯ್ಕೆ ನಡೆಯುವುದು ಪಕ್ಷಗಳ ಅಭ್ಯರ್ಥಿಗಳನ್ನು ಮತದಾರರೇ ಆರಿಸುವ ಮಾರ್ಚ್ 3ರ ಪ್ರಾಥಮಿಕ ಚುನಾವಣೆಯಲ್ಲಿ. ಟೆಕ್ಸಾಸಿನಲ್ಲಿ ಪಕ್ಷಕ್ಕೆ ಹೆಸರು ಬರೆಸಬೇಕಾಗಿಲ್ಲ. ಮತಗಟ್ಟೆಗೆ ಹೋಗಿ ಎರಡರಲ್ಲಿ ಯಾವ ಪಕ್ಷದ ಮತಪತ್ರ ಬೇಕೆಂದು ಕೇಳಿ ಪಡೆದರೆ ಆಯಿತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಮೇ 26ರಂದು ಮತ್ತೆ ಸ್ಪರ್ಧೆ. ಸಾಮಾನ್ಯವಾಗಿ ಆ ದಿನ ಮತಗಟ್ಟೆಗಳು ಬಿಕೋ ಎನ್ನುತ್ತಿರುತ್ತವೆ. ನಮ್ಮ ಒಂದು ಬಡಾವಣೆಯ ಜನ ಮನಸ್ಸು ಮಾಡಿದರೂ ಅಲ್ಲಿ ತೂಕವಿದೆ. ಇನ್ನೊಂದು ವಿಷಯ. ನಕ್ಷೆ ಬರೆಯುವವರ ಲೆಕ್ಕವೆಲ್ಲ ಹಿಂದಿನ ಮತದಾನದ ಮೇಲೆ ನಿಂತಿದೆ. ಎಂದೂ ಮತ ಹಾಕದವರು ಆ ಲೆಕ್ಕದಲ್ಲಿ ಇಲ್ಲ. ಇಲ್ಲದವರಾಗಿಯೇ ಉಳಿಯುತ್ತೇವೆಂದು ನಾವೇಕೆ ಮಾತು ಕೊಡಬೇಕು?

ಹ್ಯೂಸ್ಟನ್ನಿನ 18ನೇ ಕ್ಷೇತ್ರ ನೋಡಿ. ಅಲ್ಲಿನ ಸಂಸದ ಸಿಲ್ವೆಸ್ಟರ್ ಟರ್ನರ್ ಕಳೆದ ಮಾರ್ಚಿನಲ್ಲಿ ತೀರಿಕೊಂಡರು. ಉಪಚುನಾವಣೆ ನವೆಂಬರ್ 4ಕ್ಕೆ ನಿಗದಿಯಾಯಿತು, ಅದರಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಅಂತಿಮ ಸುತ್ತು ಇದೇ ಜನವರಿ 31ಕ್ಕೆ. ಸುಮಾರು ಹನ್ನೊಂದು ತಿಂಗಳು ಒಂದು ಇಡೀ ಕ್ಷೇತ್ರದ ಜನರಿಗೆ ಸಂಸತ್ತಿನಲ್ಲಿ ದನಿಯೇ ಇಲ್ಲ. ಆ 31ರ ಮತದಾನ ಹಳೆಯ ಗಡಿಯಲ್ಲಿ, ಒಂದು ತಿಂಗಳ ನಂತರದ ಪ್ರಾಥಮಿಕ ಚುನಾವಣೆ ಹೊಸ ಗಡಿಯಲ್ಲಿ. ಇಷ್ಟು ಗೊಂದಲದ ನಡುವೆಯೂ ಅಲ್ಲಿನವರು ಮತಗಟ್ಟೆಗೆ ಹೋಗುತ್ತಿದ್ದಾರೆ. ನಮಗೆ ಒಂದು ಅರ್ಜಿ ತುಂಬುವುದು ಭಾರವಾಯಿತು.

ಒಂದನ್ನು ಒಪ್ಪಿಕೊಳ್ಳಬೇಕು. ನಾನು ಪೌರತ್ವ ಪಡೆದದ್ದು 2019ರಲ್ಲಿ. 2022ರ ಚುನಾವಣೆಯಲ್ಲಿ ಮತ ಹಾಕಲಿಲ್ಲ. ಕಚೇರಿ, ಮಗಳ ಭರತನಾಟ್ಯ, ಅಡುಗೆ ಎಂದು ಕಾರಣ ಹೇಳಿಕೊಂಡೆ. ಆ ರಾತ್ರಿ ಅಪ್ಪ ಫೋನಿನಲ್ಲಿ, "ಅಲ್ಲಿ ಓಟು ಹೇಗೆ ಹಾಕುತ್ತಾರಮ್ಮ, ಶಾಯಿ ಹಚ್ಚುತ್ತಾರಾ?" ಎಂದು ಕೇಳಿದರು. ಹೂಂ ಎಂದೆ. ಅಪ್ಪನಿಗೆ ಸುಳ್ಳು ಹೇಳಿದೆ. ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ. ಆ ಮೇಜನ್ನು ನಾನು ಹೊತ್ತುಕೊಂಡು ತಿರುಗುವುದು ಅದಕ್ಕೇ.

ವೀಸಾದ ಮೇಲಿರುವವರು, ಗ್ರೀನ್ ಕಾರ್ಡ್ ಇರುವವರು ದಯವಿಟ್ಟು ಅರ್ಜಿ ತುಂಬಬೇಡಿ, ಅದು ಅಪರಾಧ. ಈ ಮಾತು ಪೌರರಿಗೆ ಮಾತ್ರ. ಬೆಳಗಾವಿ ಸೀಮೆಯ ಶ್ರೀ ಥಾಣೇದಾರ್ ಮಿಷಿಗನ್ನಿನ 13ನೇ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಹೋದರೆಂದು ನಾವೆಲ್ಲ ಹೆಮ್ಮೆಯಿಂದ ಹಂಚಿಕೊಂಡೆವಲ್ಲ, ಆ ಸಂಖ್ಯೆ ನೆನಪಿದ್ದವರಿಗೆ ತಮ್ಮದೂ ನೆನಪಿರಲಿ.

ಭರ್ತಿಯಾದ ಮೂರು ಅರ್ಜಿಗಳಲ್ಲಿ ಒಂದು ಅರವತ್ತೆಂಟು ವರ್ಷದ ತಾಯಿಯೊಬ್ಬರದು. ಪೌರತ್ವ ಬಂದು ಎರಡು ತಿಂಗಳಾಗಿದೆಯಂತೆ. ಮಗ ಅವಸರ ಮಾಡುತ್ತಿದ್ದ. ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಬರೆದು, ಕೊನೆಗೆ ತಲೆಯೆತ್ತಿ, "ಸಹಿ ಕನ್ನಡದಲ್ಲಿ ಹಾಕಿದರೆ ನಡೆಯುತ್ತದೆಯೇನಮ್ಮ? ಪೌರತ್ವದ ಕಾಗದಕ್ಕೂ ಹಾಗೆಯೇ ಹಾಕಿದ್ದೇನೆ" ಎಂದರು. "ನಿಮ್ಮ ಸಹಿ ಅದೇ ಆದರೆ ಅದನ್ನೇ ಹಾಕಿ ಅಮ್ಮ" ಎಂದೆ. ಹರಿದುಕೊಟ್ಟ ರಸೀದಿಯನ್ನು ನಾಲ್ಕಾಗಿ ಮಡಿಸಿ ಪರ್ಸಿನೊಳಗೆ, ದೇವರ ಚಿತ್ರದ ಹಿಂದೆ ಇಟ್ಟುಕೊಂಡರು. ಮುಂಗಡ ಮತದಾನ ಫೆಬ್ರುವರಿ 17ರಿಂದ 27ರವರೆಗೆ ಎಂದು ಹೇಳಿದೆ. "ಮೊದಲ ದಿನವೇ ಹೋಗೋಣ, ನೀನು ಬಂದು ಕರೆದುಕೊಂಡು ಹೋಗು" ಎಂದರು. ಹೋಗುತ್ತೇನೆ.

ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಹೊಸ ನೋಂದಣಿಯನ್ನು ಆನ್‌ಲೈನಿನಲ್ಲಿ ಮುಗಿಸಲು ಆಗುವುದಿಲ್ಲ, ಕಾಗದಕ್ಕೆ ಸಹಿ ಹಾಕಿಯೇ ಕಳಿಸಬೇಕು. ಮಾರ್ಚಿನ ಮತಕ್ಕೆ ಕೊನೆಯ ದಿನ ಫೆಬ್ರುವರಿ 2, ಸೋಮವಾರ. ಉಳಿದ ಮೂವತ್ತೇಳು ಅರ್ಜಿಗಳು ನನ್ನ ಕಾರಿನ ಹಿಂದಿನ ಸೀಟಿನಲ್ಲಿವೆ. ನಮ್ಮ ಕೌಂಟಿಯವರು ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಮಾಡಿ, ನಾನೇ ಮನೆಗೆ ತರುತ್ತೇನೆ.