ಬುಟ್ಟಿ ಹೊತ್ತ ಆ ಹೆಂಗಸರು ಇದ್ದರು

ಕಳೆದ ಭಾನುವಾರ ಅಕ್ಕನ ಮಗ ಕಲಬುರಗಿಯ ನಮ್ಮ ಮನೆಗೆ ಬಂದವನೇ ಮೊಬೈಲ್ ಮುಂದೆ ಹಿಡಿದ. "ಮಾಮಾ, ಇದನ್ನು ನೋಡಿರಿ. ಚರಿತ್ರೆಯನ್ನೇ ಮುಚ್ಚಿಟ್ಟಿದ್ದಾರೆ."

ವಿಡಿಯೊದಲ್ಲಿ ಹತ್ತೊಂಬತ್ತನೆಯ ಶತಮಾನದ ಫೋಟೊಗಳು. ಜನರಿಲ್ಲದ ಬೀದಿಗಳು, ನೆಲದಲ್ಲಿ ಅರ್ಧ ಹೂತ ಕಿಟಕಿಗಳು, ಕೊನೆಗೆ ಕಡಲ ತೀರದ ಕೆಲವು ಹೆಂಗಸರು. ಟಾರ್ಟೇರಿಯಾ ಎಂಬ ಮಹಾಸಾಮ್ರಾಜ್ಯ ಜಗತ್ತನ್ನೆಲ್ಲ ಆಳುತ್ತಿತ್ತಂತೆ, ಕೆಸರಿನ ಪ್ರವಾಹದಲ್ಲಿ ಮುಳುಗಿತಂತೆ. ಈ ಹೆಂಗಸರು ಬರೀ ವೇಷ ಹಾಕಿ ನಿಲ್ಲಿಸಿದವರಂತೆ!

ಆ ಕೊನೆಯ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಅವರು ಸ್ಕಾಟ್ಲೆಂಡಿನ ಎಡಿನ್‌ಬರೊ ಪಕ್ಕದ ನ್ಯೂಹೇವನ್ ಎಂಬ ಊರಿನ ಮೀನುಗಾರ ಹೆಂಗಸರು. ಚಿತ್ರಕಾರ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ಛಾಯಾಗ್ರಾಹಕ ರಾಬರ್ಟ್ ಆಡಮ್ಸನ್ 1840ರ ದಶಕದಲ್ಲಿ ಅವರ ಫೋಟೊ ತೆಗೆದರು. ಗಂಡಸರು ಕಡಲಿಗಿಳಿದು ಹಿಡಿದು ತಂದ ಮೀನನ್ನು ಹೆಂಗಸರು ಹೆಣೆದ ಬುಟ್ಟಿಗೆ ತುಂಬಿ, ಬೆನ್ನಿಗೆ ಹೇರಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ಏರು ದಾರಿ ಹತ್ತಿ ನಗರಕ್ಕೆ ಹೋಗಿ ಮನೆ ಮನೆಗೆ ಕೂಗಿ ಮಾರುತ್ತಿದ್ದರು. ಪಟ್ಟೆ ಪಟ್ಟೆಯ ದಪ್ಪ ಲಂಗ, ಪಕ್ಕದಲ್ಲೇ ಬುಟ್ಟಿ. ವೇಷವಲ್ಲ ಅದು, ದಿನದ ದುಡಿಮೆಯ ಉಡುಪು. ಆಡಮ್ಸನ್ 1848ರಲ್ಲಿ, ಬರೀ 26ನೆಯ ವಯಸ್ಸಿಗೆ ತೀರಿಕೊಂಡ. ಅಷ್ಟರೊಳಗೆ ಈ ಹೆಂಗಸರನ್ನು ನಮಗೆ ಉಳಿಸಿಕೊಟ್ಟು ಹೋದ.

"ಹಾಗಾದರೆ ಒಬ್ಬರೂ ನಗುವುದಿಲ್ಲವೇಕೆ?" ಎಂದ ಹುಡುಗ. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಚಿತ್ರ ಮೂಡಬೇಕಾದರೆ ಬಿಸಿಲಿನಲ್ಲಿ ಸಾಕಷ್ಟು ಹೊತ್ತು ಅಲುಗದೆ ನಿಲ್ಲಬೇಕಿತ್ತು. ಅಷ್ಟು ಹೊತ್ತು ಮುಖದ ಮೇಲೆ ನಗುವನ್ನು ಹಾಗೇ ಉಳಿಸಿಕೊಳ್ಳುವುದು ಕಷ್ಟ. ಒಬ್ಬರ ಹೆಗಲಿಗೆ ಒಬ್ಬರು ಒರಗಿದ್ದೂ ಇದಕ್ಕೇ ಇರಬೇಕು. ನನಗಂತೂ ಅದರಲ್ಲಿ ಗೆಳೆತನವೂ ಕಾಣುತ್ತದೆ. ಖಾಲಿ ಬೀದಿಗಳ ಕಥೆಯೂ ಇದೇ. 1838ರಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಡಾಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲಿ ಓಡಾಡುವ ಜನ, ಗಾಡಿಗಳು ಮೂಡಲೇ ಇಲ್ಲ. ಬೂಟು ಉಜ್ಜಿಸಿಕೊಳ್ಳುತ್ತ ನಿಂತವನೊಬ್ಬ, ಅದನ್ನು ಉಜ್ಜುವವನೊಬ್ಬ ಮಾತ್ರ ಉಳಿದರು.

ಹೀಗೆ ಕಥೆ ಕಟ್ಟುವುದು ನಮ್ಮ ಕಡೆಯೂ ಇದೆ. ಬೀದರಿನ ಸುರಂಗ ಬಾವಿಯನ್ನು ನೋಡಿ, ಇದು ಗೋಲ್ಕೊಂಡದವರೆಗೆ ಹೋಗುವ ಗುಪ್ತ ದಾರಿ ಎಂದು ಹೇಳುವವರನ್ನು ನಾನೇ ಕಂಡಿದ್ದೇನೆ. ಅದು ಬಹಮನಿ ಕಾಲದ ಕರೇಜ್. ನೆಲದೊಳಗೆ ಇಳಿಜಾರು ಹಿಡಿದು ಕಾಲುವೆ ಕೊರೆದು, ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿ ಬಿಟ್ಟು, ಊರಿಗೆ ನೀರು ತಂದ ವಿದ್ಯೆ. ಆ ಕೆಂಪು ಕಲ್ಲಿನಲ್ಲಿ ಕುಳಿತು ಉಳಿ ಹೊಡೆದವರ ಹೆಸರು ನಮಗೆ ಸಿಕ್ಕಿಲ್ಲ. ಅವರ ಶ್ರಮವನ್ನಾದರೂ ಅವರಿಗೇ ಬಿಡಬಾರದೆ? ರಾಜರು ತಪ್ಪಿಸಿಕೊಂಡು ಓಡಿದ ಕಥೆಗೆ ಕೊಟ್ಟುಬಿಡಬೇಕೆ?

ಇನ್ನು ಹೂತ ಕಿಟಕಿ. ಕೆಲವು ಕಟ್ಟಡಗಳಿಗೆ ನೆಲಮಾಳಿಗೆಯನ್ನೇ ಹಾಗೆ ಕಟ್ಟಿರುತ್ತಾರೆ. ಇನ್ನು ಕೆಲವೆಡೆ ಬೀದಿಯೇ ಎತ್ತರವಾಗಿರುತ್ತದೆ. ಹುಡುಗ ಇದನ್ನು ಒಪ್ಪಲಿಲ್ಲ. ಅವನನ್ನು ಬ್ರಹ್ಮಪುರದ ನಮ್ಮ ಹಳೆಯ ಮನೆಗೆ ಕರೆದುಕೊಂಡು ಹೋದೆ. ನಾನು ಚಿಕ್ಕವನಿದ್ದಾಗ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆವು. ಈಗ ಒಂದು ಮೆಟ್ಟಿಲು ಇಳಿಯಬೇಕು. ಎದುರಿಗೇ ನೀರಿನ ಪೈಪಿಗೆಂದು ರಸ್ತೆ ಅಗೆದಿದ್ದರು. ಹುಡುಗ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ಮಣ್ಣು ಸರಿಸುತ್ತ, ಡಾಂಬರಿನ ಪದರಗಳನ್ನು ಒಂದೊಂದಾಗಿ ಎಣಿಸತೊಡಗಿದ.