ಒಂಬತ್ತು ವರ್ಷದ ಅನಾದಿ ಕಾಲ

1849ರಲ್ಲಿ ಫಿಲಡೆಲ್ಫಿಯಾದ ಮಹಿಳಾ ಮಾಸಿಕ ಗೋಡೀಸ್ ಲೇಡೀಸ್ ಬುಕ್ ಮದುಮಗಳಂದಿರಿಗೆ ಒಂದು ಅಪ್ಪಣೆ ಕೊಡಿಸಿತು. ಮದುವೆಗೆ ಬಿಳಿಯೇ ತಕ್ಕ ಬಣ್ಣ, ಇದು ಅನಾದಿ ಕಾಲದಿಂದ ನಡೆದುಬಂದ ಪದ್ಧತಿ, ಬಿಳಿಯೆಂದರೆ ಕನ್ಯೆಯ ಮುಗ್ಧತೆ, ಪರಿಶುದ್ಧತೆ, ಇತ್ಯಾದಿ.

ಆ ಅನಾದಿ ಕಾಲ ಶುರುವಾದ ತಾರೀಕು, ವಾರ ಎರಡೂ ಸಿಗುತ್ತವೆ: 1840ರ ಫೆಬ್ರವರಿ 10, ಸೋಮವಾರ. ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ಬಿಳಿ ತೊಟ್ಟು ಆಲ್ಬರ್ಟನನ್ನು ಮದುವೆಯಾದದ್ದು ಅಂದು. ಅದಕ್ಕೂ ಮುಂಚೆ ಬಿಳಿ ತೊಟ್ಟವರು ಇರಲಿಲ್ಲವೆಂದಲ್ಲ. ನೀಲಿ, ಕಂದು, ಕೆಂಪು ತೊಟ್ಟವರೂ ಬೇಕಾದಷ್ಟಿದ್ದರು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ತೊಟ್ಟು ಮದುವೆಯಾಗಿ, ಮುಂದಿನ ಭಾನುವಾರ ಅದರಲ್ಲೇ ಚರ್ಚಿಗೆ ಹೋಗುತ್ತಿದ್ದರು. ಅರಮನೆಯವರಿಗಾದರೆ ಬೆಳ್ಳಿ. 1816ರಲ್ಲಿ ವಿಕ್ಟೋರಿಯಾಳ ದೊಡ್ಡಪ್ಪನ ಮಗಳು ರಾಜಕುಮಾರಿ ಷಾರ್ಲೆಟ್ ತನ್ನ ಮದುವೆಯಲ್ಲಿ ಬೆಳ್ಳಿ ಎಳೆಯ ಉಡುಪಿನಲ್ಲಿ ಮಿರಮಿರ ಮಿಂಚಿದ್ದಳು. ಪಾಪ, ಅವಳ ಮುಗ್ಧತೆಯ ಬಗ್ಗೆ ಪತ್ರಿಕೆಯವರು ಏನು ಹೇಳುತ್ತಿದ್ದರೋ.

ವಿಕ್ಟೋರಿಯಾ ಬಿಳಿ ತೊಟ್ಟದ್ದರಲ್ಲಿ ಮುಗ್ಧತೆಗಿಂತ ಹೆಚ್ಚಾಗಿ ವ್ಯವಹಾರವಿತ್ತು. ಯಂತ್ರದ ಲೇಸ್ ಬಂದು ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಹಾನಿಟನ್ ಎಂಬ ಬಿಳಿ ಲೇಸನ್ನು ಕೈಯಲ್ಲೇ ಹೆಣೆಯುವ ಹೆಂಗಸರ ಹೊಟ್ಟೆಯ ಮೇಲೆ ಹೊಡೆದಿತ್ತು. ಆ ಲೇಸಿಗೆ ಒಪ್ಪುವ ಉಡುಪು ಬಿಳಿಯದೇ. ತೊಡೆಯ ಮೇಲೊಂದು ಗಟ್ಟಿ ದಿಂಬು, ಅದಕ್ಕೆ ಚುಚ್ಚಿದ ಗುಂಡುಸೂಜಿಗಳು, ಸುತ್ತ ಇಳಿಬಿದ್ದ ಕಡ್ಡಿಗಳಿಗೆ ಸುತ್ತಿದ ಸಣ್ಣ ನೂಲು. ಕಡ್ಡಿಗಳನ್ನು ಆಚೆಗೀಚೆಗೆ ದಾಟಿಸುತ್ತ ಒಂದೊಂದೇ ಹೂವು, ಒಂದೊಂದೇ ಎಲೆ ಹೆಣೆದು ಆಮೇಲೆ ಕೂಡಿಸಬೇಕು. ಬೀರ್ ಎಂಬ ಕಡಲತಡಿಯ ಹಳ್ಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ತಿಂಗಳುಗಟ್ಟಲೆ ಕೂತು ರಾಣಿಯ ಲೇಸ್ ಮುಗಿಸಿದರು. ಸ್ವದೇಶಿ ಕಸುಬಿಗೆ ಇಷ್ಟು ದೊಡ್ಡ ಪ್ರಚಾರ ಬೇರೆಲ್ಲಿ ಸಿಕ್ಕೀತು? ಕೆಲಸ ಮುಗಿದ ಮೇಲೆ, ಬೇರೆ ಯಾರೂ ನಕಲು ಮಾಡದಿರಲೆಂದು ಅದರ ವಿನ್ಯಾಸವನ್ನೇ ನಾಶಮಾಡಿದರು.

ಲೇಸ್ ನಕಲಾಗಲಿಲ್ಲ, ಬಣ್ಣ ನಕಲಾಯಿತು. ಬಣ್ಣಕ್ಕೆ ಏನು ಬೀಗ ಹಾಕುತ್ತೀರಿ?

ಆ ಕಾಲದ ಲಂಡನ್ನಿನ ಕಲ್ಲಿದ್ದಲ ಹೊಗೆ ನೆನೆಸಿಕೊಳ್ಳಿ. ಬೀದಿಯಲ್ಲಿ ಕೆಸರು, ಕುದುರೆ ಲದ್ದಿ, ಮೇಲಿಂದ ಉದುರುವ ಮಸಿ. ಅದರ ನಡುವೆ ನೆಲ ಗುಡಿಸುವ ಬಿಳಿ ಸ್ಯಾಟಿನ್ ತೊಡುವುದೆಂದರೆ 'ನನಗೆ ದುಡಿಯುವ ಕರ್ಮವಿಲ್ಲ, ಒಗೆಯಲು ಆಳಿದ್ದಾರೆ' ಎಂದು ಡಂಗುರ ಹೊಡೆಸಿದಂತೆ. ಮನೆಗೆಲಸದ ಹುಡುಗಿ ಶತಮಾನ ಮುಗಿಯುವವರೆಗೂ ಕಂದು, ನೀಲಿಯಲ್ಲೇ ಮದುವೆಯಾದಳು. ಪರಿಶುದ್ಧತೆಯ ಅರ್ಜಿಗೆ ಆದಾಯ ಪ್ರಮಾಣಪತ್ರವನ್ನೂ ಲಗತ್ತಿಸಬೇಕಿತ್ತು ಎನ್ನಿ. ವಿಧವೆ ಮರುಮದುವೆಯಾದರೆ ಬಿಳಿ ಇಲ್ಲ, ಮುಸುಕಿಲ್ಲ, ಕಿತ್ತಳೆ ಹೂವಿನ ದಂಡೆ ಇಲ್ಲ. ಬೂದು ಬಣ್ಣವೋ ತಿಳಿನೇರಳೆಯೋ ಉಟ್ಟು ತೆಪ್ಪಗಿರಬೇಕು. ವಿಧುರ ಮಹಾಶಯನಿಗೆ? ಅವನ ಕೋಟಿನ ಹತ್ತಿರ ಯಾರೂ ಚಾರಿತ್ರ್ಯದ ದಾಖಲೆ ಕೇಳಲಿಲ್ಲ. ಕಿತ್ತಳೆ ಹೂವು ಸಂತಾನಭಾಗ್ಯದ ಗುರುತಂತೆ. ಇಂಗ್ಲೆಂಡಿನ ಚಳಿಗೆ ಅದೆಲ್ಲಿ ಅರಳಬೇಕು! ಮೇಣದಲ್ಲಿ ಮಾಡಿ ಮುಡಿಸಿದರು.

ಇನ್ನು ಆಕಾರದ ಮಾತು. ಅನಾದಿ ಕಾಲದ್ದು ಎಂದಮೇಲೆ ಅಲುಗಾಡದೆ ಇರಬೇಕಲ್ಲ? 1850ರ ದಶಕದ ಕೊನೆಗೆ ಲಂಗದೊಳಗೆ ಉಕ್ಕಿನ ಬಳೆಗಳ ಪಂಜರ ಬಂತು. 1870ರ ಹೊತ್ತಿಗೆ ಉಬ್ಬೆಲ್ಲ ಹಿಂದಕ್ಕೆ ಸರಿಯಿತು. 1890ರ ದಶಕದಲ್ಲಿ ತೋಳಿಗೇರಿ ಕುರಿತೊಡೆಯ ಗಾತ್ರಕ್ಕೆ ಊದಿಕೊಂಡಿತು. ಪಾವಿತ್ರ್ಯ ಒಂದೇ, ದರ್ಜಿಯ ಬಿಲ್ಲು ಮಾತ್ರ ಪ್ರತಿಸಲ ಹೊಸದು.

ಇಷ್ಟಕ್ಕೆಲ್ಲ ಕಾರಣಳಾದ ರಾಣಿ ಮಾತ್ರ ಎಂಥ ಜಿಪುಣಿ ನೋಡಿ. ಮದುವೆಯ ಲೇಸನ್ನು ಬಿಚ್ಚಿ ಬೇರೆ ಉಡುಪಿಗೆ ಹೊಲಿಸಿದಳು, ಮಕ್ಕಳ ನಾಮಕರಣಕ್ಕೂ ತೊಟ್ಟಳು. 1885ರಲ್ಲಿ ಕಿರಿಮಗಳು ಬಿಯಾಟ್ರಿಸ್ ಮದುವೆಗೆ ಅದನ್ನೇ ಕೊಟ್ಟಳು. 1897ರ ವಜ್ರಮಹೋತ್ಸವದ ಅಧಿಕೃತ ಭಾವಚಿತ್ರದಲ್ಲಿ ಅಜ್ಜಿಯ ತಲೆಯ ಮೇಲಿರುವುದು ಮದುವೆಯ ಮುಸುಕೇ. 1901ರಲ್ಲಿ ಶವಪೆಟ್ಟಿಗೆಯಲ್ಲೂ ಅದು ಜೊತೆಗೆ ಹೋಯಿತು. ಅವಳ ಕಾಲದ ಮಧ್ಯಮ ವರ್ಗದ ಮದುಮಗಳೂ ಉಡುಪಿನ ಕತ್ತು ತಗ್ಗಿಸಿ ಹೊಲಿಸಿ ಔತಣಗಳಿಗೆ ತೊಡುತ್ತಿದ್ದಳು, ಮಾಸಿದರೆ ಬಣ್ಣ ಹಾಕಿಸುತ್ತಿದ್ದಳು.

ಒಂದೇ ದಿನ ತೊಟ್ಟು ಪೆಟ್ಟಿಗೆಗೆ ಸೇರಿಸುವ ಗೌನಿನ ಜಾಹೀರಾತಿನಲ್ಲಿ ಈಗಲೂ ವಿಕ್ಟೋರಿಯಾ ಹೆಸರಿರುತ್ತದೆ. ಬೆಂಗಳೂರಿನ ರಿಸೆಪ್ಶನ್ನಿಗೆ ಬಿಳಿ ಗೌನು ಬಾಡಿಗೆಗೆ ತಂದ ಹುಡುಗಿಯನ್ನು ಕಂಡು 'ಯಾರೋ ಹಾಕಿ ಬಿಟ್ಟದ್ದಂತೆ' ಎಂದು ಮೂಗು ಮುರಿಯುವ ಅತ್ತೆಯಂದಿರೇ, ಅಲ್ಲಿರುವ ಅಷ್ಟೂ ಜನರಲ್ಲಿ ರಾಣಿಯ ಪದ್ಧತಿ ಪಾಲಿಸಿದವಳು ಅವಳೊಬ್ಬಳೇ.