ಲಸಿಕೆಗೂ ಗೋತ್ರ ಕೇಳಿದ ಖಂಡ

ನಮ್ಮ ಕಡೆ ಹೆಣ್ಣಿನ ಮನೆಯವರಿಗೆ ಸಂಬಂಧ ಹಿಡಿಸದಿದ್ದರೆ ‘ಜಾತಕ ಕೂಡಿಬರಲಿಲ್ಲ’ ಎಂದು ಹೇಳಿಕಳಿಸುವ ಪದ್ಧತಿಯಿದೆ. ಅದರಲ್ಲಿ ವರನ ಮರ್ಯಾದೆಯೂ ಉಳಿಯುತ್ತದೆ, ನಿಜವಾದ ಕಾರಣ ಹೇಳುವ ತಾಪತ್ರಯವೂ ತಪ್ಪುತ್ತದೆ. ಆದರೆ ಒಂದೇ ವರನ ಜಾತಕವನ್ನು ಐದು ಸಲ ತರಿಸಿಕೊಂಡು, ಮೊದಲ ಸಲ ‘ವಯಸ್ಸಾದವರಿರುವ ಮನೆಗೆ ಆಗುವುದಿಲ್ಲ’ ಎಂದೂ ಕೊನೆಯ ಸಲ ‘ವಯಸ್ಸಾದವರಿರುವ ಮನೆಗೆ ಮಾತ್ರ ಆಗುತ್ತದೆ’ ಎಂದೂ ಹೇಳಿ, ನಡುವೆ ಆ ವರ ಬೇಸತ್ತು ಬೇರೆ ಊರಿಗೆ ಹೊರಟಾಗ ಬಸ್ಸಿಗೆ ಅಡ್ಡ ನಿಂತು ತಡೆದ ಬೀಗರನ್ನು ನಾನು ನಮ್ಮ ಜಿಲ್ಲೆಯಲ್ಲಿ ಕಂಡಿಲ್ಲ. ಅಂಥವರನ್ನು ನೋಡಬೇಕಾದರೆ 2021ರ ಯುರೋಪಿಗೇ ಹೋಗಬೇಕು. ವರನ ಹೆಸರು ಆಸ್ಟ್ರಾಜೆನೆಕಾ, ಕುಲ ಕೋವಿಡ್ ಲಸಿಕೆ, ಓದಿದ್ದು ಆಕ್ಸ್‌ಫರ್ಡಿನಲ್ಲಿ.

ಆ ವರ್ಷದ ಜನವರಿ 25ರಂದು ಜರ್ಮನಿಯ ಹಾಂಡೆಲ್ಸ್‌ಬ್ಲಾಟ್ ಎಂಬ ವಾಣಿಜ್ಯ ಪತ್ರಿಕೆಯು ಈ ಲಸಿಕೆ 65 ದಾಟಿದವರಲ್ಲಿ ಶೇ 8ರಷ್ಟು ಮಾತ್ರ ಕೆಲಸ ಮಾಡುತ್ತದೆಂದು ಬರೆಯಿತು. ಪ್ರಯೋಗಕ್ಕೆ ಒಳಪಟ್ಟವರಲ್ಲಿ 56ರಿಂದ 69 ವರ್ಷದವರ ಪಾಲು ಸುಮಾರು ಶೇ 8 ಇತ್ತು, ಎರಡು ಬೇರೆ ಬೇರೆ ಅಂಕಿಗಳು ಕಲಸಿಹೋದಂತಿದೆ ಎಂದು ಅಲ್ಲಿನ ಆರೋಗ್ಯ ಸಚಿವಾಲಯವೇ ತಿಳಿಸಿತು. ಆದರೆ ಒಮ್ಮೆ ‘ಹುಡುಗನಿಗೆ ಕುಜದೋಷವಂತೆ’ ಎಂಬ ಮಾತು ಬೀದಿಗೆ ಬಿದ್ದ ಮೇಲೆ ಪಂಚಾಂಗ ತೆಗೆದು ತೋರಿಸಿದರೆ ನಂಬುವವರು ಯಾರು? ಮೂರು ದಿನಗಳ ನಂತರ ಜರ್ಮನಿಯ ಲಸಿಕಾ ಆಯೋಗವು, ವೃದ್ಧರ ಬಗ್ಗೆ ಸಾಕಷ್ಟು ಮಾಹಿತಿಯಿಲ್ಲವಾದ್ದರಿಂದ ಇದನ್ನು 18ರಿಂದ 64 ವರ್ಷದವರಿಗಷ್ಟೇ ಕೊಡಬಹುದೆಂದಿತು. ಅದು ಎಚ್ಚರಿಕೆಯ ಮಾತು, ಅದರಲ್ಲಿ ತಪ್ಪು ಹುಡುಕಲಾಗದು. ಮರುದಿನ, ಅಂದರೆ ಜನವರಿ 29ರಂದು, ಫ್ರಾನ್ಸಿನ ಅಧ್ಯಕ್ಷ ಎಮ್ಯಾನ್ಯುಯೆಲ್ ಮ್ಯಾಕ್ರನ್ ಅವರು ಮಾಹಿತಿಯಿಲ್ಲ ಎಂಬುದನ್ನು ಗುಣವಿಲ್ಲ ಎಂದು ಅನುವಾದಿಸಿಕೊಂಡು, 65 ಮೀರಿದವರಿಗೆ ಈ ಲಸಿಕೆ ಹೆಚ್ಚುಕಡಿಮೆ ನಿಷ್ಪ್ರಯೋಜಕವೆಂದು ವಿದೇಶಿ ಪತ್ರಕರ್ತರ ಮುಂದೆ ಸಾರಿದರು. ಕೆಲವೇ ಗಂಟೆಗಳಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಅದೇ ಲಸಿಕೆಗೆ ಎಲ್ಲ ವಯಸ್ಕರಿಗೂ ಕೊಡಬಹುದೆಂಬ ಅನುಮೋದನೆ ನೀಡಿತು.

ಅದೇ 29ರ ಸಂಜೆ ಇನ್ನೂ ಒಂದು ಘಟನೆ ನಡೆಯಿತು. ಕಂಪನಿಯು ಒಪ್ಪಂದದಷ್ಟು ಡೋಸ್ ಕೊಡುತ್ತಿಲ್ಲವೆಂದು ಕೆರಳಿದ್ದ ಯುರೋಪ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್, ಲಸಿಕೆ ಐರ್ಲೆಂಡಿನ ಗಡಿ ದಾಟಿ ಬ್ರಿಟನ್ನಿಗೆ ನುಸುಳೀತೆಂಬ ಭಯದಿಂದ, ಅಲ್ಲಿ ಸರಕಿಗೆ ತಡೆಯೊಡ್ಡಲು ದಾರಿ ಮಾಡುವ ಉತ್ತರ ಐರ್ಲೆಂಡ್ ಒಪ್ಪಂದದ 16ನೇ ವಿಧಿಯನ್ನು ಚಲಾಯಿಸಲು ಹೊರಟಿತು. ಬ್ರಿಟನ್ ಆ ಒಕ್ಕೂಟದಿಂದ ಹೊರಬಿದ್ದ ಬ್ರೆಕ್ಸಿಟ್ ಗುದ್ದಾಟದಲ್ಲಿ ವರ್ಷಗಟ್ಟಲೆ ‘ಆ ಗಡಿಯನ್ನು ಮುಟ್ಟಬೇಡಿ’ ಎಂದು ಬ್ರಿಟನ್ನಿಗೆ ಬುದ್ಧಿ ಹೇಳಿದ್ದವರೇ ಅದನ್ನು ಮುಟ್ಟಿ, ಬೆರಳು ಸುಟ್ಟುಕೊಂಡು, ರಾತ್ರಿಯೊಳಗೆ ಕೈ ಹಿಂದಕ್ಕೆಳೆದುಕೊಂಡರು. ಹೀಗೆ ಒಂದೇ ದಿನದಲ್ಲಿ ಒಂದು ಲಸಿಕೆ ಮುದುಕರಿಗೆ ನಿಷ್ಪ್ರಯೋಜಕವೂ, ಎಲ್ಲರಿಗೂ ಯೋಗ್ಯವೂ, ಗಡಿ ಮುಚ್ಚಿ ಕಾಯಬೇಕಾದಷ್ಟು ಅಮೂಲ್ಯವೂ ಆಯಿತು.

ಫೆಬ್ರುವರಿಯಲ್ಲಿ ಪತ್ರಿಕೆಯೊಂದು ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಅವರನ್ನು, ಜನರಿಗೆ ಧೈರ್ಯ ತುಂಬಲು ತಾವೇ ಈ ಲಸಿಕೆ ಹಾಕಿಸಿಕೊಳ್ಳಬಹುದಲ್ಲ ಎಂದು ಕೇಳಿತು. ತಮಗೆ 66 ವರ್ಷ, ಹಾಗಾಗಿ ತಾವು ಆ ಲಸಿಕೆಯ ಗುಂಪಿಗೆ ಸೇರುವುದಿಲ್ಲವೆಂದು ಅವರು ಉತ್ತರಿಸಿದರು. ಏಪ್ರಿಲ್ 16ರಂದು ಅವರು ಅದೇ ಆಸ್ಟ್ರಾಜೆನೆಕಾವನ್ನು ಹಾಕಿಸಿಕೊಂಡರು, ಏಕೆಂದರೆ ಅಷ್ಟರಲ್ಲಿ 66 ವರ್ಷದವರೇ ಅದರ ಗುಂಪಾಗಿದ್ದರು. ಮರ್ಕೆಲ್ ಅವರ ವಯಸ್ಸು ಬದಲಾಗಿರಲಿಲ್ಲ. ಬದಲಾದದ್ದು ಜಾತಕ. ಜನವರಿಯ ಕೊನೆಯಲ್ಲಿ 64ರವರೆಗಿನವರಿಗೆ, ಮಾರ್ಚ್ 4ರಂದು ವಯಸ್ಕರೆಲ್ಲರಿಗೂ, ಮಾರ್ಚ್ 15ರಂದು ಯಾರಿಗೂ ಇಲ್ಲ, 19ರಂದು ಮತ್ತೆ ಎಲ್ಲರಿಗೂ, 30ರಂದು 60 ದಾಟಿದವರಿಗೆ ಮಾತ್ರ. ಈ ಎಲ್ಲ ಗ್ರಹಗತಿಗಳ ನಡುವೆ ನಿಷೇಧದ ಆ ನಾಲ್ಕು ದಿನ ಬಿಟ್ಟರೆ ಎಂದೂ ಅನರ್ಹರಾಗದೆ ಉಳಿದವರು 60ರಿಂದ 64ರ ನಡುವಿನ ಜರ್ಮನ್ನರು. ಅವರ ಜನ್ಮಕುಂಡಲಿಯಲ್ಲಿ ಗುರು ಬಲವಾಗಿದ್ದಿರಬೇಕು. ಫ್ರಾನ್ಸು 65ರ ಕೆಳಗಿನವರಿಂದ ಆರಂಭಿಸಿ 55ರ ಮೇಲಿನವರಿಗೆ ಬಂದು ನಿಂತಿತು. ಸ್ಪೇನ್ 55ರ ಕೆಳಗಿನಿಂದ ಹೊರಟು 60ರಿಂದ 69ರ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಡೆನ್ಮಾರ್ಕ್ ಏಪ್ರಿಲ್ 14ರಂದು ಸಂಬಂಧವನ್ನೇ ಮುರಿದುಕೊಂಡಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಲಸಿಕೆ ಪಡೆದ ಕೆಲವೇ ಕೆಲವರಲ್ಲಿ, ಹೆಚ್ಚಾಗಿ ಕಿರಿಯ ವಯಸ್ಸಿನವರಲ್ಲಿ, ಪ್ಲೇಟ್‌ಲೆಟ್ ಕುಸಿದು ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆ ಕಂಡದ್ದು ನಿಜ, ಅದರಿಂದ ಸಾವು ಸಂಭವಿಸಿದ್ದೂ ನಿಜ. ಅದನ್ನು ಕಂಡ ಮೇಲೆ ವೈದ್ಯರು ತಮ್ಮ ಸಲಹೆ ಬದಲಿಸಿದ್ದು ಅವರ ಕರ್ತವ್ಯ. ನಗು ಬರುವುದು ವೈದ್ಯರನ್ನು ಕಂಡಲ್ಲ. ಪ್ರತಿ ಸಲ ಸಲಹೆ ಬದಲಾದಾಗಲೂ, ನಿನ್ನೆ ಹೇಳಿದ್ದರ ನೆನಪೇ ಇಲ್ಲದವರಂತೆ, ಅದೇ ಎತ್ತರದ ದನಿಯಲ್ಲಿ, ಅದೇ ಧ್ವಜದ ಮುಂದೆ ನಿಂತು ಮಾತನಾಡಿದ ಮಂತ್ರಿಗಳನ್ನು ಕಂಡು. ಮಾರ್ಚಿನಲ್ಲಿ ಯೂಗೌ ಸಂಸ್ಥೆ ಸಮೀಕ್ಷೆ ನಡೆಸಿದಾಗ ಫ್ರಾನ್ಸಿನಲ್ಲಿ ಶೇ 61 ಮಂದಿ, ಜರ್ಮನಿಯಲ್ಲಿ ಶೇ 55 ಮಂದಿ ಈ ಲಸಿಕೆ ಸುರಕ್ಷಿತವಲ್ಲವೆಂದರು. ಜನ ವಿಜ್ಞಾನವನ್ನು ನಂಬುತ್ತಿಲ್ಲವಲ್ಲ ಎಂದು ಅದೇ ಮಂತ್ರಿಗಳು ಹಣೆ ಚಚ್ಚಿಕೊಂಡರು.

ಒಲ್ಲದ ವರನನ್ನು ಹೋಗಲು ಬಿಟ್ಟರೇ ಎಂದರೆ ಅದೂ ಇಲ್ಲ. ಮಾರ್ಚ್ 4ರಂದು ಇಟಲಿಯು ಆಸ್ಟ್ರೇಲಿಯಾಕ್ಕೆ ಹೊರಟಿದ್ದ 2,50,000 ಡೋಸುಗಳನ್ನು ತಡೆದು ನಿಲ್ಲಿಸಿತು. ಅದೇ ತಿಂಗಳು ರೋಮಿನ ಹತ್ತಿರದ ಅನಾನ್ಯಿ ಎಂಬ ಊರಿನ ಕಾರ್ಖಾನೆಗೆ ಪೊಲೀಸರು ಹೋಗಿ ನೋಡಿದರೆ ಅಲ್ಲಿ 2 ಕೋಟಿ 90 ಲಕ್ಷ ಡೋಸುಗಳು ಕಂಡವು. ಕಾಳಸಂತೆಯ ಅಕ್ಕಿ ಮೂಟೆ ಸಿಕ್ಕಂತೆ ಸುದ್ದಿ ಹಬ್ಬಿತು. ಅದರಲ್ಲಿ 1 ಕೋಟಿ 60 ಲಕ್ಷ ಯುರೋಪಿನದೇ ಪಾಲು, ಉಳಿದದ್ದು ಬಡ ದೇಶಗಳಿಗಾಗಿ ಇದ್ದ ಕೋವ್ಯಾಕ್ಸ್ ಯೋಜನೆಯದು ಎಂದು ಕಂಪನಿ ಲೆಕ್ಕ ಒಪ್ಪಿಸಿತು. ಸರಿಯಾಗಿ ಅದೇ ವಾರ ಲಸಿಕೆಗೆ ವ್ಯಾಕ್ಸ್‌ಜೆವ್ರಿಯಾ ಎಂಬ ಹೊಸ ಹೆಸರೂ ಬಂತು. ದೆಸೆ ಕೆಟ್ಟಾಗ ಸಂಖ್ಯಾಶಾಸ್ತ್ರದವರ ಬಳಿ ಹೋಗಿ ಹೆಸರಿಗೆ ಅಕ್ಷರ ಸೇರಿಸುವುದು ನಮ್ಮ ಸಿನಿಮಾದವರ ಸ್ವತ್ತೆಂದು ನಾನು ತಿಳಿದಿದ್ದೆ.

ಇನ್ನು ಜನಸಾಮಾನ್ಯರ ವಿಷಯ. ಲೂಯಿ ಪಾಶ್ಚರ್ ಹುಟ್ಟಿದ ಫ್ರಾನ್ಸಿನಲ್ಲಿ, ಸೋಂಕು ಬರುವ ಮೊದಲೇ, 2018ರ ಜಾಗತಿಕ ಸಮೀಕ್ಷೆಯೊಂದರಲ್ಲಿ ಮೂವರಲ್ಲಿ ಒಬ್ಬರು ಲಸಿಕೆಗಳು ಸುರಕ್ಷಿತವೆಂಬ ಮಾತನ್ನು ಒಪ್ಪಿರಲಿಲ್ಲ. ಆ ಅಪನಂಬಿಕೆಗೆ ಹೆದರಿದ ಸರ್ಕಾರವು ಎಷ್ಟು ಮೆಲ್ಲಗೆ ಹೆಜ್ಜೆಯಿಟ್ಟಿತೆಂದರೆ, 2020ರ ಡಿಸೆಂಬರ್ 27ರಂದು ಆರಂಭವಾದ ಅಭಿಯಾನದಲ್ಲಿ ಹೊಸ ವರ್ಷದ ಹೊತ್ತಿಗೆ ಲಸಿಕೆ ಪಡೆದವರು ಐನೂರು ಚಿಲ್ಲರೆ ಮಂದಿ. ಒಂದು ಮದುವೆಯ ಮೊದಲ ಪಂಕ್ತಿಗೆ ಕೂರುವಷ್ಟು ಜನ. ನಿಧಾನವಾಯಿತೆಂಬ ಟೀಕೆಗೆ ಉತ್ತರವಾಗಿ ಬಂದದ್ದು ಲಾಟರಿ ಎತ್ತಿ ಆರಿಸಿದ 35 ನಾಗರಿಕರ ಮೇಲ್ವಿಚಾರಣಾ ಸಮಿತಿ. ಮುಂದೆ 2021ರ ಜುಲೈ 12ರ ರಾತ್ರಿ ಮ್ಯಾಕ್ರನ್ ಅವರು ದೂರದರ್ಶನದಲ್ಲಿ ಬಂದು, ಇನ್ನು ಮುಂದೆ ಕೆಫೆಗೂ ರೈಲಿಗೂ ಆರೋಗ್ಯದ ಪಾಸ್ ಬೇಕೆಂದು ಹೇಳಿದ ಒಂದೇ ದಿನದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಲಸಿಕೆಗೆ ಹೆಸರು ಬರೆಸಿದರು. ಪಾಶ್ಚರ್ ಅವರಿಂದ ಆಗದಿದ್ದದ್ದು ಒಂದು ಲೋಟ ಕಾಫಿಯಿಂದ ಆಯಿತು.

ಈ ಗುಟ್ಟು ತಿಳಿದವರು ಬೇರೆಡೆಯೂ ಇದ್ದರು. ಜರ್ಮನಿಯ ಸೊನೆಬರ್ಗ್ ಪಟ್ಟಣದಲ್ಲಿ ಚುಚ್ಚಿಸಿಕೊಂಡವರಿಗೆ ಸುಟ್ಟ ಸಾಸೇಜ್ ಕೊಟ್ಟರು. ಸೆರ್ಬಿಯಾದಲ್ಲಿ ನಗದು 3,000 ದಿನಾರ್ ಕೊಟ್ಟರು. ರೊಮೇನಿಯಾದವರು ಡ್ರಾಕುಲಾನ ಹೆಸರಿಗೆ ತಳಕು ಹಾಕಿಕೊಂಡಿರುವ ಬ್ರಾನ್ ಕೋಟೆಯಲ್ಲೇ ಶಿಬಿರ ತೆರೆದು, ಲಸಿಕೆ ಪಡೆದವರಿಗೆ ಮಧ್ಯಯುಗದ ಚಿತ್ರಹಿಂಸೆಯ ಸಲಕರಣೆಗಳ ಪ್ರದರ್ಶನವನ್ನು ಪುಕ್ಕಟೆ ತೋರಿಸಿದರು. ಆಸ್ಟ್ರಿಯಾ ಮಾತ್ರ ಬೆತ್ತ ಹಿಡಿಯಿತು: 2022ರ ಫೆಬ್ರುವರಿ 5ರಂದು ಲಸಿಕೆಯನ್ನು ಕಡ್ಡಾಯಗೊಳಿಸಿ, 3,600 ಯೂರೋವರೆಗೆ ದಂಡವೆಂದು ಗುಡುಗಿ, ಒಬ್ಬರಿಗೂ ದಂಡ ಹಾಕುವ ಮೊದಲೇ ಮಾರ್ಚ್ 9ರಂದು ಬೆತ್ತವನ್ನು ಅಟ್ಟಕ್ಕೆ ಹಾಕಿತು.

ಬೆತ್ತಕ್ಕಾಗಲಿ ಬೆಲ್ಲಕ್ಕಾಗಲಿ ಬಗ್ಗದ ಮಹಾನುಭಾವರೊಬ್ಬರು ಇಟಲಿಯ ಬಿಯೆಲ್ಲಾದಲ್ಲಿ ಸಿಕ್ಕರು. 2021ರ ಡಿಸೆಂಬರಿನಲ್ಲಿ ಲಸಿಕಾ ಕೇಂದ್ರಕ್ಕೆ ಬಂದ ಐವತ್ತರ ವಯಸ್ಸಿನ ಆ ಗೃಹಸ್ಥರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಸಭ್ಯವಾಗಿ ಕುಳಿತು, ತೋಳು ಮೇಲೇರಿಸಿದರು. ನರ್ಸ್ ಮುಟ್ಟಿ ನೋಡಿದರೆ ಚರ್ಮ ತಣ್ಣಗಿದೆ, ರಬ್ಬರಿನಂತೆ ಜಗ್ಗುತ್ತದೆ, ಬಣ್ಣವೂ ಮೈಯ ಬಣ್ಣಕ್ಕಿಂತ ಬಿಳಿಚಿಕೊಂಡಿದೆ. ಸಿಲಿಕಾನಿನ ಹುಸಿ ತೋಳು! ಸಿಕ್ಕಿಬಿದ್ದ ಮೇಲೆ, ನೋಡಿಯೂ ನೋಡದಂತೆ ಚುಚ್ಚಿಬಿಡಿ ಎಂದು ಅವರು ಆಕೆಯನ್ನು ಕೇಳಿಕೊಂಡರಂತೆ. ಇವರ ವೃತ್ತಿ ದಂತವೈದ್ಯ, ಅಂದರೆ ಜೀವನವಿಡೀ ಅನ್ಯರ ಒಸಡಿಗೆ ಸೂಜಿ ಚುಚ್ಚಿದವರು. ಇವರಿಗೆ ಎದುರು ದಿಕ್ಕಿನಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗಿನ ಹಿರಿಯರೊಬ್ಬರು 29 ತಿಂಗಳಲ್ಲಿ 217 ಡೋಸ್ ಹಾಕಿಸಿಕೊಂಡಿದ್ದರು, ಸರಿಸುಮಾರು ನಾಲ್ಕು ದಿನಕ್ಕೊಂದು. ಅವರನ್ನು ಪರೀಕ್ಷಿಸಿದ ಸಂಶೋಧಕರು 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬರೆದ ಪ್ರಕಾರ ಅವರಿಗೆ ಏನೂ ಆಗಿರಲಿಲ್ಲ. ಅಷ್ಟು ಸಲ ಚುಚ್ಚಿಸಿಕೊಂಡ ಕಾರಣ ಖಾಸಗಿಯಂತೆ. ಇವರಿಬ್ಬರನ್ನು ಮೊದಲೇ ಪರಿಚಯ ಮಾಡಿಸಿದ್ದರೆ ಇಬ್ಬರ ಸಮಸ್ಯೆಯೂ ತೀರುತ್ತಿತ್ತು.

ಇಷ್ಟೆಲ್ಲ ದೂರದಿಂದ ನೋಡಿ ನಗುತ್ತಿದ್ದ ನಮ್ಮ ಮನೆಗೂ ಈ ಜಾತಕದ ನೆರಳು ಬಿತ್ತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾದಾಗ ಇದೇ ಲಸಿಕೆಯ ಹೆಸರು ಕೋವಿಶೀಲ್ಡ್. 2021ರ ಮಾರ್ಚಿನಲ್ಲಿ ಬ್ರಿಟನ್ ಪುಣೆಯಿಂದ 50 ಲಕ್ಷ ಡೋಸ್ ತರಿಸಿಕೊಂಡು ತನ್ನ ಪ್ರಜೆಗಳಿಗೆ ಹಾಕಿತ್ತು. ಜುಲೈನಲ್ಲಿ ಆ ಪುಣೆಯ ಬ್ಯಾಚಿನ ಡೋಸ್ ಪಡೆದಿದ್ದ ಬ್ರಿಟಿಷ್ ದಂಪತಿಯನ್ನು ಮಾಲ್ಟಾಕ್ಕೆ ಹೊರಟ ವಿಮಾನ ಹತ್ತಲು ಬಿಡಲಿಲ್ಲ, ಏಕೆಂದರೆ ಯುರೋಪಿನ ಪಟ್ಟಿಯಲ್ಲಿ ವ್ಯಾಕ್ಸ್‌ಜೆವ್ರಿಯಾ ಇತ್ತೇ ಹೊರತು ಪುಣೆಯ ಗೋತ್ರ ಇರಲಿಲ್ಲ. ಆಗ ‘ಇದೆಂಥ ಅನ್ಯಾಯ’ ಎಂದ ಬ್ರಿಟನ್ನೇ ಸೆಪ್ಟೆಂಬರಿನಲ್ಲಿ ಹೊಸ ನಿಯಮ ತಂದು, ಭಾರತದಲ್ಲಿ ಎರಡು ಡೋಸ್ ಕೋವಿಶೀಲ್ಡ್ ಪಡೆದವರನ್ನು ಲಸಿಕೆ ಪಡೆಯದವರೆಂದೇ ಎಣಿಸಿತು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ಆಕ್ಷೇಪಿಸಿದ ಮೇಲೆ, ಲಸಿಕೆ ಸರಿಯಾಗಿದೆ, ಅನುಮಾನ ಪ್ರಮಾಣಪತ್ರದ ಮೇಲೆ ಎಂದಿತು. ಕೋವಿನ್ ಪತ್ರದಲ್ಲಿ ವಯಸ್ಸು ಇತ್ತು, ಹುಟ್ಟಿದ ತಾರೀಖು ಇರಲಿಲ್ಲ ಎಂಬುದೂ ಒಂದು ಕೊರತೆಯಾಗಿ ಕಂಡಿತ್ತು.

ತಿಪಟೂರಿನ ನಮ್ಮ ಸೋದರತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಅಕ್ಟೋಬರ್ 5ರಂದು ಇಂಗ್ಲೆಂಡಿಗೆ ಇಳಿದದ್ದು ಈ ಜಗ್ಗಾಟದ ನಡುವೆ. ಲೇಹ್ಯದ ಡಬ್ಬಿ, ಮೆಂತ್ಯದ ಹಿಟ್ಟು, ಹಳೆಯ ಕಾಟನ್ ಸೀರೆಗಳ ಜೊತೆಗೆ, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ ಎರಡು ಡೋಸುಗಳ ಪತ್ರವೂ ಅವರ ಕೈಚೀಲದಲ್ಲಿತ್ತು. ಆದರೂ ಹತ್ತು ದಿನ ಮಹಡಿಯ ಕೋಣೆಯಲ್ಲಿ ಪ್ರತ್ಯೇಕವಾಗಿರಬೇಕಾಯಿತು. ಕೆಳಗೆ ಹದಿನೈದು ದಿನದ ಮೊಮ್ಮಗು ಅತ್ತರೆ, ಮೇಲಿನಿಂದ ಇವರು ‘ಹೊಟ್ಟೆ ಗಟ್ಟಿಯಾಗಿದೆಯೇನೋ ನೋಡೇ, ಓಮದ ನೀರು ಹಾಕೇ’ ಎಂದು ಕೂಗುತ್ತಿದ್ದರಂತೆ. ಭಾರತವೂ ಸೇಡಿಗೆ ಬ್ರಿಟಿಷ್ ಪ್ರಜೆಗಳಿಗೆ ಹತ್ತು ದಿನದ ಕ್ವಾರಂಟೈನ್ ವಿಧಿಸಿದ ಮೇಲೆ ಬ್ರಿಟನ್ ತಣ್ಣಗಾಗಿ, 11ರಿಂದ ಬಂದವರಿಗೆ ವಿನಾಯಿತಿ ಕೊಟ್ಟಿತು. ಪಕ್ಕದ ಬೀದಿಗೆ 12ರಂದು ಬಂದಿಳಿದ ಹಾಸನದ ದಂಪತಿ ಅದೇ ಲಸಿಕೆಯ ಅದೇ ಪತ್ರ ಹಿಡಿದು ಪಾರ್ಕಿನಲ್ಲಿ ಅಡ್ಡಾಡುವುದನ್ನು ಅತ್ತೆ ಕಿಟಕಿಯಿಂದ ನೋಡಿದರು.

14ರಂದು ಆಯುಧಪೂಜೆ. ಅತ್ತೆ ಹುಟ್ಟಿದ್ದು ಆಯುಧಪೂಜೆಯ ದಿನವೆಂದು ಮನೆಯವರಿಗೆಲ್ಲ ಗೊತ್ತು, ವರ್ಷ ಯಾವುದೆಂದು ಯಾರಿಗೂ ಗೊತ್ತಿಲ್ಲ. ಅಂದು ಮಗಳು ಪಾಯಸದ ಲೋಟವನ್ನು ಮಹಡಿಯ ಮೆಟ್ಟಿಲಿನ ಮೇಲಿಟ್ಟು ಕೆಳಗಿಳಿದಳು. ಅಳಿಯಂದಿರು ಅದೇ ಹೊತ್ತಿಗೆ ಕೋವಿನ್‌ನಲ್ಲಿ ಪತ್ರವನ್ನು ತಿದ್ದಿಸಿ, ಹೊಸ ಪ್ರತಿಯನ್ನು ಬಾಗಿಲಿನ ಸಂದಿಯಿಂದ ಒಳಗೆ ತಳ್ಳಿ, ‘ಅತ್ತೆ, ಈಗ ನಿಮ್ಮ ಜನ್ಮ ದಿನಾಂಕವೂ ಬಂದಿದೆ, ಇನ್ನು ಯಾರೂ ಅನುಮಾನಿಸುವಂತಿಲ್ಲ’ ಎಂದರು. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಅದರಲ್ಲಿದ್ದದ್ದು ಜೂನ್ 1, ಅವರನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರು ಆ ಬೆಳಿಗ್ಗೆ ಸೇರಿದ ಅಷ್ಟೂ ಮಕ್ಕಳಿಗೆ ಬರೆದುಕೊಟ್ಟ ತಾರೀಖು.